ಬೆನ್ನು ತಿರುಗಿಸಿದ ಬುಲ್ಡೋಜರ್

ಡ್ರೈವರ್ ಗಾಬರಿಯಲ್ಲಿ ಹಾರ್ನ್ ಬಾರಿಸಿದ. ಅದೇ ಎಡವಟ್ಟಾಯಿತು. ಬೆಟ್ಟದ ಮೇಲೆ ರಸ್ತೆ ಕಡಿಯುವ ಅವನ ಬುಲ್ಡೋಜರ್ ದಿನವೂ ಹಾರ್ನ್ ಹೊಡೆಯುತ್ತಿದ್ದುದು ಒಂದೇ ಕಾರಣಕ್ಕೆ: ಹಸಿವಾಗಿದೆ, ಊಟ ತಾ. ಕಣಿವೆಯಾಚೆ ಎತ್ತರದ ಮನೆಯಿಂದ ಹೆಂಡತಿ ಡಬ್ಬಿ ಹಿಡಿದು ಹೊರಟೇಬಿಟ್ಟಳು. ಹಳ್ಳ ದಾಟಿಕೊಂಡೇ ಅವಳು ಇತ್ತ ಬರಬೇಕು. ಆ ಹಳ್ಳ ಆಗಷ್ಟೇ, ನೋಡನೋಡುತ್ತಲೇ ಬತ್ತಿಹೋಗಿತ್ತು.

"ಮೇಸ್ತ್ರಿ, ಅಲ್ಲಿ ಮೇಲುಗಡೆ ನೋಡಿ!"

ಮೇಸ್ತ್ರಿ ನೋಡಿ ತಣ್ಣಗಾದ. ತಿಂಗಳುಗಟ್ಟಲೆ ಕಡಿದ ಮಣ್ಣನ್ನೆಲ್ಲ ಇವರು ಅಂಚಿನಿಂದ ಕಣಿವೆಗೆ ನೂಕಿದ್ದರು. ಲಾರಿಗೆ ತುಂಬಿ ಸಾಗಿಸುವ ರಗಳೆ ಯಾರಿಗೆ ಬೇಕು? ಆ ಗುಡ್ಡೆ ಈಗ ಜಾರಿ ಹಳ್ಳಕ್ಕೆ ಅಡ್ಡ ಕೂತಿತ್ತು. ಶಿಖರದಲ್ಲಿ ಬೆಳಗಿನಿಂದ ಸುರಿದ ಮಳೆಯೆಲ್ಲ ಅದರ ಹಿಂದೆ ಬಂದು ನಿಂತು ಕೆರೆಯಾಗಿ ಏರುತ್ತಿತ್ತು.

"ಒಡೆದ್ರೆ ಕಥೆ ಮುಗೀತು ಕಣಯ್ಯ."

"ನನ್ನ ಹೆಂಡ್ತಿ ಹಳ್ಳಕ್ಕೆ ಇಳೀತಿದ್ದಾಳೆ!"

ಇಬ್ಬರೂ ಗಂಟಲು ಹರಿಯುವಂತೆ ಕೂಗಿದರು, ಕೈ ಬೀಸಿದರು. ಅವಳೂ ನಗುತ್ತಾ ಕೈ ಬೀಸಿದಳು, ಬಂದೆ ಬಂದೆ ಎನ್ನುವಂತೆ. ಫೋನ್ ಮಾಡಬೇಕೆಂದರೆ ಸಿಗ್ನಲ್ ಸಿಗುವುದು ಹಿಂದಿನ ತಿರುವಿನಲ್ಲಿ. ಅಲ್ಲಿಗೆ ಓಡುವಷ್ಟರಲ್ಲಿ ಅವಳು ಹಳ್ಳದ ನಡುವೆ ಇರುತ್ತಿದ್ದಳು.

ಡ್ರೈವರ್ ಸೀಟಿಗೆ ಹಾರಿ, ಗಾಡಿಯನ್ನು ಗರ್ರನೆ ತಿರುಗಿಸಿ ಅದರ ಬೆನ್ನನ್ನು ಮನೆಯತ್ತ ಮಾಡಿ ನಿಲ್ಲಿಸಿದ. ಜಗಳವಾದ ದಿನ, ನಿನ್ನ ಊಟ ನನಗೆ ಬೇಡ ಎಂದು ಅವನು ಹೇಳುತ್ತಿದ್ದುದು ಹೀಗೆ. ಹೋದ ಸಲ ಹೀಗೆ ಮಾಡಿದ್ದಕ್ಕೆ ಅವಳು ವಾರವಿಡೀ ಮಾತು ಬಿಟ್ಟಿದ್ದಳು. ಇವತ್ತು ಜಗಳವೇ ಆಗಿರಲಿಲ್ಲ. ಕನ್ನಡಿಯಲ್ಲಿ ಅವಳು ಒಣಗಿದ ಬಂಡೆಗಳ ನಡುವೆ ತಟ್ಟನೆ ನಿಂತದ್ದು ಕಂಡಿತು. ಸೊಂಟದ ಮೇಲೆ ಕೈ ಹೋಯಿತು.

"ಸಿಟ್ಟು ಮಾಡ್ಕೊಳೇ ಮಾರಾಯ್ತಿ, ದಮ್ಮಯ್ಯ, ಸಿಟ್ಟು ಮಾಡ್ಕೋ," ಎಂದು ಬೇಡಿಕೊಂಡ. ಹೆಂಡತಿಯ ಕೋಪಕ್ಕಾಗಿ ಅವನು ಹಂಬಲಿಸಿದ್ದು ಜೀವನದಲ್ಲಿ ಅದೇ ಮೊದಲು.

ಅವಳು ಸರ್ರನೆ ತಿರುಗಿದಳು. ಡಬ್ಬಿ ಬೀಸಿಕೊಂಡು ದಡ ಹತ್ತಿ, ಬಿರಬಿರನೆ ಮನೆಯ ದಾರಿ ಹಿಡಿದಳು.

ಮೊದಲು ನೆಲ ನಡುಗಿತು. ಗುಡ್ಡೆ ನಿಂತಲ್ಲೇ ಕುಸಿಯಿತು, ಕೆರೆಗೆ ಕೆರೆಯೇ ಎದ್ದು ಹೊರಟಿತು. ಅದನ್ನು ನೀರು ಅನ್ನುವುದು ಹೇಗೆ? ದೊಡ್ಡ ದೊಡ್ಡ ಮರಗಳು ನಿಂತ ಹಾಗೆಯೇ ನಡೆದುಹೋದವು. ದಿನಗಟ್ಟಲೆ ಹೆಣಗಿದರೂ ಬುಲ್ಡೋಜರಿಗೆ ಜಗ್ಗದ ಬಂಡೆಯೊಂದು ಚೆಂಡಿನಂತೆ ಪುಟಿಯುತ್ತಾ ಸಾಗಿತು. ಬಂಡೆಗೆ ಬಂಡೆ ಬಡಿದ ಸದ್ದು ಎದೆಯೊಳಗೇ ಕೇಳಿಸಿತು. ಮೇಸ್ತ್ರಿ ತಲೆಯ ಮೇಲಿನ ಟೋಪಿ ತೆಗೆದು ನಿಂತ. ಡ್ರೈವರಿಗೆ ಭಯವೂ ಮರೆತುಹೋಗಿತ್ತು. ಇಷ್ಟು ದಿನ ತಾನು ಬೆಟ್ಟವನ್ನು ಕಡಿಯುತ್ತಿದ್ದೇನೆಂದು ಬೀಗಿದ್ದ. ಆ ಬೀಗುವಿಕೆಯೆಲ್ಲ ಇಳಿದುಹೋಯಿತು.

ಸದ್ದು ತಗ್ಗಿದ ಮೇಲೆ ನೋಡಿದರೆ ಅವಳು ನಡೆದು ಬಂದಿದ್ದ ದಾರಿಯೂ ಇರಲಿಲ್ಲ, ದಡವೂ ಇರಲಿಲ್ಲ. ತಿರುವಿಗೆ ಓಡಿಹೋಗಿ ಫೋನ್ ಹಚ್ಚಿದ.

"ಬದುಕಿದೀನಿ ಕಣ್ರೀ," ಎಂದಳು ಅವಳು. "ಅಂಗಳದ ಅಂಚಿನವರೆಗೂ ಬಂದು ಹೋಯ್ತು. ನೀವು ಬೆನ್ನು ತಿರುಗಿಸದೇ ಇದ್ದಿದ್ರೆ... ಅಲ್ಲಾ, ಅದು ಬರುತ್ತೆ ಅಂತ ನಿಮಗೆ ಹೇಗ್ರೀ ಗೊತ್ತಾಯ್ತು?"

ಅವನು ತಾವು ಮಣ್ಣು ನೂಕಿದ್ದ ಅಂಚಿನತ್ತ ತಿರುಗಿದ.

"ಅದಕ್ಕೆ ಕಟ್ಟೆ ಕಟ್ಟಿದ್ದು ನಾನೇ ಕಣೇ."