ನೌಕೆಯ ಮೂರು ಕಾಲು

"ನೌಕೆ ಗ್ರಹಕ್ಕೆ ಇಳಿಯುವಾಗ ಆ ಮೋಡ ಯಾಕೆ ಬಂತು? ಅದರ ಮರೆಯಲ್ಲಿ ಗೋಳ ತೆಗೆದು ಚಪ್ಪಟೆ ನೆಲ ಹಾಸಿದ್ದೀಯ. ನನ್ನ ಕಣ್ಣಿಗೇ ಮಣ್ಣೆರಚ್ತೀಯೇನೇ?" ಮೂವತ್ತು ವರ್ಷ ಭೂಮಿ ಅಳೆದಿದ್ದ ಸರ್ವೇಯರ್ ಅಪ್ಪ ಕಂಪ್ಯೂಟರ್ ಮುಂದೆ ಗುಡುಗಿದ. ಮಗಳು ನಾಲ್ಕು ವರ್ಷ ಕೂತು ಕಟ್ಟಿದ ಬಾಹ್ಯಾಕಾಶ ಯಾನದ ಕಂಪ್ಯೂಟರ್ ಆಟವದು.

"ನೀವೇ ಅಳೆದು ನೋಡಿ. ಗ್ರಹ ದುಂಡಗಿಲ್ಲದಿದ್ರೆ ಇಡೀ ಆಟ ಇವತ್ತೇ ಅಳಿಸಿಹಾಕ್ತೀನಿ," ಎಂದಳು ಅವಳು.

ಅಪ್ಪ ತೆರೆಯ ಮೇಲಿನ ಗಗನಯಾತ್ರಿಯನ್ನು ನೌಕೆಯಿಂದ ಇಳಿಸಿ ನೇರ ನಡೆಸಿದ. ಚಪ್ಪಟೆ ನೆಲದಲ್ಲಿ ದೂರದ ನೌಕೆ ಚಿಕ್ಕದಾಗುತ್ತದೆಯೇ ಹೊರತು ದುಂಡು ನೆಲದಲ್ಲಿನಂತೆ ಬುಡದಿಂದ ದಿಗಂತದಡಿ ಮುಳುಗುವುದಿಲ್ಲ. ಅದು ಅವನಿಗೆ ಗೊತ್ತು. ಹತ್ತು ನಿಮಿಷಕ್ಕೊಮ್ಮೆ ಗಗನಯಾತ್ರಿಯ ಮುಖ ಹಿಂದಕ್ಕೆ ತಿರುಗಿಸಿ, ತೆರೆಗೆ ಪೆನ್ಸಿಲ್ ಹಿಡಿದು ನೌಕೆಯನ್ನು ಅಳೆದ. ಪಕ್ಕದಲ್ಲಿ ಚಹಾ ಆರಿಹೋಯಿತು. ಮಗಳು ಉಗುರು ಕಚ್ಚುತ್ತ ನಿಂತಿದ್ದಳು.

ಆರನೇ ಸಲ ಪೆನ್ಸಿಲ್ ಅರ್ಧದಲ್ಲೇ ನಿಂತಿತು. ನೌಕೆಯ ಮೂರು ಕಾಲುಗಳೂ ಕಾಣಲಿಲ್ಲ. ದಿಗಂತದ ಮೇಲೆ ಬರೀ ಹೊಟ್ಟೆ, ತಲೆ ಉಳಿದಿದ್ದವು.

"ಈಗೇನಂತೀರಿ?"

ಅಪ್ಪ ಅವಳತ್ತ ತಿರುಗಲಿಲ್ಲ. ತೆರೆಯ ಮೂಲೆಯಲ್ಲಿ ಇಳಿಯುತ್ತಿದ್ದ ಗಗನಯಾತ್ರಿಯ ಆಮ್ಲಜನಕದ ಅಂಕಿ ನೋಡಿ ಅವನ ಹಣೆ ಬೆವೆತಿತ್ತು. "ಅಷ್ಟು ದೂರ ವಾಪಸ್ ನಡೀಬೇಕಲ್ಲೇ! ಇವನ ಉಸಿರು ಸಾಕಾಗುತ್ತೇನೇ, ಮಗಳೇ?"