ಹೋಲಿಕೆಯ ಗುಂಪು

ಕಾಗದದ ಮೇಲೆ ಬಿದ್ದ ಹನಿಗೆ ಬಣ್ಣ ಏರಲು ಏಳು ನಿಮಿಷ ಬೇಕಿತ್ತು. ಮೊದಲನೆಯ ನಿಮಿಷ ಮುಗಿಯುವ ಮುನ್ನವೇ ಉಡಚಮ್ಮ ಎರಡು ಸಲ ಎದ್ದು ಬಂದು ಬಗ್ಗಿ ನೋಡಿದ್ದಳು.

“ಏನಾತವ್ವ? ನಮ್ಮ ಮನೆಯವರದು ನೀಲಿ ಆಗ್ತೈತಾ?”

“ಇನ್ನೂ ಏನೂ ಆಗಿಲ್ಲ ಅಕ್ಕ, ಕೂತ್ಕೊಳ್ರಿ,” ಎಂದಳು ಧನುಶ್ರೀ, ಗಡಿಯಾರದಿಂದ ಕಣ್ಣು ತೆಗೆಯದೆ.

ಥಾಯ್ಲೆಂಡಿನಲ್ಲಿ ರೈತರ ರಕ್ತದ ಮೇಲೆ ಕೀಟನಾಶಕದ ಪರಿಣಾಮವನ್ನು ತಿಳಿಯಲು ಬಳಸುವ ಕಾಗದ ಅದು. ಚನ್ನಗಿರಿಯ ಧನುಶ್ರೀ ತನ್ನ ಸಂಶೋಧನೆಗಾಗಿ ಆ ವಿಧಾನವನ್ನು ಗೋವಿನಕೋವಿಯ ಸಮುದಾಯ ಭವನಕ್ಕೆ ತಂದಿದ್ದಳು. ಹಳದಿ ಬಂದರೆ ಭಯವಿಲ್ಲ, ಹಸಿರಾದರೆ ಎಚ್ಚರ, ನೀಲಿಯಾದರೆ ಅಪಾಯ. ಕೂಲಿಗಾಗಿ ಭತ್ತದ ಗದ್ದೆಗಳಿಗೆ ಔಷಧಿ ಹೊಡೆಯುವ ಹತ್ತು ಗಂಡಸರನ್ನು ಅವಳು ಆರಿಸಿದ್ದಳು. ಹೋಲಿಸಿ ನೋಡಲು ಔಷಧಿ ಹೊಡೆಯದ ಹತ್ತು ಮಂದಿ ಬೇಕಾಗಿದ್ದರು. ಅದಕ್ಕೆ ಅವರ ಹೆಂಡಂದಿರನ್ನೇ ಬರೆದುಕೊಂಡಿದ್ದಳು. ಒಂದೇ ಮನೆ, ಒಂದೇ ಊಟ, ಒಂದೇ ನೀರು. ಇದಕ್ಕಿಂತ ಸರಿಯಾದ ಹೋಲಿಕೆ ಸಿಗಲಾರದೆಂದು ಅವಳಿಗೆ ಹೆಮ್ಮೆಯೂ ಇತ್ತು.

ಕಾಗದಗಳ ಡಬ್ಬಿಯ ಮೇಲಿನ ಥಾಯ್ ಬರಹವನ್ನು ಉಡಚಮ್ಮನ ಗಂಡ ಕೆಂಚೇಶ್ ತಿರುಗಿಸಿ ತಿರುಗಿಸಿ ನೋಡಿದ. “ನಮ್ಮ ಅಕ್ಷರಾನ ಜಿಲೇಬಿ ಅಂತಾರೆ. ಇವರದು ಜಿಲೇಬಿ ತಿಂದು ಉಳಿದ ಚೂರು ಇದ್ದಂಗೈತಲ್ಲ ಮೇಡಮ್ಮಾರೆ!”

“ಸುಮ್ನಿರ್ರಿ, ಎಲ್ಲದಕ್ಕೂ ನಗಾಡೋದು,” ಎಂದು ಉಡಚಮ್ಮ ಗದರಿದಳು. ಆಮೇಲೆ ಧನುಶ್ರೀಯ ಕಡೆ ಬಾಗಿ ದನಿ ತಗ್ಗಿಸಿದಳು. “ವಾರದಿಂದ ಇವರ ಕೈ ನಡುಗ್ತಾವೆ ಕಣವ್ವ. ನಿನ್ನೆ ಚಾ ಲೋಟ ಕೆಳಗೆ ಬಿಟ್ರು.”

“ಸುಡ್ತಿತ್ತು ಕಣೆ, ಬಿಟ್ಟೆ. ಹಿಡ್ಕೊಂಡು ಕೈ ಸುಟ್ಕೊಬೇಕಿತ್ತಾ?”

“ನೀಲಿ ಬಂತಂದ್ರೆ ಇವರು ಪಂಪು ಕೆಳಗಿಡಬೇಕು. ಆಮೇಲೆ ನಾವು ಉಣ್ಣೋದೇನು?” ಅವಳು ಕೇಳಿದ್ದು ಕಾಗದವನ್ನೋ ಧನುಶ್ರೀಯನ್ನೋ ತಿಳಿಯಲಿಲ್ಲ. ಕೆಂಚೇಶನ ಕಾಗದದ ಪಕ್ಕದಲ್ಲೇ ಅವಳದೇ ರಕ್ತದ ತಿಳಿಯ ಹನಿ ಬಿದ್ದ ಇನ್ನೊಂದು ಕಾಗದವಿತ್ತು. ಆ ಕಡೆ ಯಾರೂ ನೋಡಿರಲಿಲ್ಲ, ಅವಳೂ ನೋಡಿರಲಿಲ್ಲ.

ಏಳನೆಯ ನಿಮಿಷಕ್ಕೆ ಧನುಶ್ರೀ ತಲೆಯೆತ್ತಿದಳು. “ಹಳದಿ. ಏನೂ ಭಯ ಇಲ್ಲ ಅಣ್ಣ.”

“ನೋಡಿದ್ಯಾ? ಅರಿಶಿಣ ಹಚ್ಚಿದ ಮದುಮಗ ನಾನು!” ಕೆಂಚೇಶ್ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ರಬ್ಬರ್ ಕೈಗವಸುಗಳನ್ನು ತಟ್ಟಿದ. ಔಷಧಿ ಹೊಡೆಯುವವರಿಗೆಂದು ಮನೆಗೊಂದು ಜೊತೆ ಹಂಚಿದ್ದರು. “ಇವನ್ನ ಹಾಕ್ದೆ ಒಂದಿನಾನೂ ಗದ್ದೆಗೆ ಇಳಿದಿಲ್ಲ. ಏಳೇ, ಪಾಲಣ್ಣನ ಗದ್ದೆಗೆ ಔಷಧಿ ಹೊಡೆಯಾಕೆ ಹೊತ್ತಾತು.”

ಉಡಚಮ್ಮ ಕಣ್ಣು ಒರೆಸಿಕೊಂಡು ಎದ್ದಳು. ಧನುಶ್ರೀ ಏಳಲಿಲ್ಲ. ಎರಡನೆಯ ಕಾಗದ ಮೈಲುತುತ್ತದಂತೆ ನೀಲಿಗಟ್ಟಿತ್ತು. ರಕ್ತದ ಕೊಳವೆಗಳು ಅದಲುಬದಲಾದವೇನೋ ಎಂದುಕೊಂಡಳು. ಅಂಟಿಸಿದ್ದ ಸಂಖ್ಯೆಗಳನ್ನು ಮೂರು ಸಲ ಓದಿದಳು, ಸರಿಯಾಗಿಯೇ ಇದ್ದವು. ಉಡಚಮ್ಮನ ಕೊಳವೆಯಲ್ಲಿ ಉಳಿದಿದ್ದ ತಿಳಿಯಿಂದ ಹೊಸ ಕಾಗದಕ್ಕೆ ಮತ್ತೊಂದು ಹನಿ ಹಾಕಿದಳು. ಮತ್ತೆ ಏಳು ನಿಮಿಷ. ಹೊರಟಿದ್ದ ಇಬ್ಬರೂ ಮೇಜಿನ ಹತ್ತಿರ ನಿಂತು ನೋಡಿದರು. ಮತ್ತೆ ಅದೇ ನೀಲಿ.

“ಅಕ್ಕ, ಇದು ನಿಮ್ಮದು. ಔಷಧಿ ಹೊಡೆಯಲ್ಲ ಅಂತ ಬರೆಸಿದ್ರಲ್ಲ?”

“ನಾನೆಲ್ಲಿ ಹೊಡೀತೀನವ್ವ? ಪಂಪು ಹೊರೋರು ಇವರು. ಸುಳ್ಳು ಯಾಕೆ ಬರೆಸ್ಲಿ?”

“ಮತ್ತೆ ಔಷಧಿ ಹತ್ರ ಹೋಗೋದೇ ಇಲ್ವಾ?”

“ಪುಡಿ ಕಲಸಿ ಕೊಡ್ತೀನಿ, ಅಷ್ಟೆ. ಇವರು ಒಂದು ಪಂಪು ಹೊಡೆದು ಬರೋದ್ರಾಗೆ ಇನ್ನೊಂದು ತಯಾರಿರಬೇಕಲ್ಲ. ದಿನಕ್ಕೆ ಇಪ್ಪತ್ತು ಪಂಪು.”

“ಯಾತರಿಂದ ಕಲಸ್ತೀರಿ?”

ಉಡಚಮ್ಮ ಬಲಗೈ ಎತ್ತಿ ಮೊಣಕೈಯವರೆಗೆ ತೋರಿಸಿದಳು. “ಕೋಲಿನಾಗೆ ಪುಡಿ ಗಂಟು ಒಡೆಯಂಗಿಲ್ಲ.”

ಬೆಳಿಗ್ಗೆ ರಕ್ತ ತೆಗೆಯಲು ಚುಚ್ಚುವಾಗ, ಬಲಗೈ ಬ್ಯಾಡವ್ವ, ಕೆಲಸಕ್ಕೆ ಬೇಕು ಎಂದು ಅವಳು ಎಡಗೈ ಚಾಚಿದ್ದಳು. ಧನುಶ್ರೀಗೆ ಅದು ನೆನಪಾಯಿತು. ಜಗುಲಿಯ ಮೇಲೆ ಹೋಲಿಕೆಯ ಗುಂಪಿನ ಉಳಿದ ಒಂಬತ್ತು ಹೆಂಗಸರು ಸರದಿಗಾಗಿ ಕಾಯುತ್ತ ಏನನ್ನೋ ಹೇಳಿಕೊಂಡು ನಗುತ್ತಿದ್ದರು. ಅವರ ಪ್ರಶ್ನಾಪಟ್ಟಿಗಳು ಅವಳ ಮುಂದೆಯೇ ಇದ್ದವು. ‘ಔಷಧಿ ಹೊಡೆಯುತ್ತೀರಾ?’ ಎಂಬ ಪ್ರಶ್ನೆ ಅವಳೇ ಬರೆದದ್ದು. ಒಂಬತ್ತರಲ್ಲೂ ‘ಇಲ್ಲ’ ಎಂದಿತ್ತು. ಔಷಧಿಯ ಬಗ್ಗೆ ಬೇರೆ ಪ್ರಶ್ನೆಯನ್ನೇ ಅವಳು ಇಟ್ಟಿರಲಿಲ್ಲ.

“ಅಕ್ಕ, ಇವತ್ತೇ ದೊಡ್ಡಾಸ್ಪತ್ರೆಗೆ ಹೋಗ್ರಿ. ಡಾಕ್ಟರು ಹೇಳೋ ತನಕ ಔಷಧಿ ಮುಟ್ಟಾಕೆ ಹೋಗ್ಬ್ಯಾಡ್ರಿ.”

“ನಾನು ಮುಟ್ಲಿಲ್ಲ ಅಂದ್ರೆ ಕಲಸೋರು ಯಾರವ್ವ?”

ಕೆಂಚೇಶ್ ಡಬ್ಬಿಯನ್ನು ಮೇಜಿನ ಮೇಲಿಟ್ಟ. “ಸಂಜೆ ಕರ್ಕೊಂಡು ಹೋಗ್ತೀನಿ ಮೇಡಮ್ಮಾರೆ,” ಎಂದ. “ಪಾಲಣ್ಣಂಗೆ ಮಾತು ಕೊಟ್ಟುಬಿಟ್ಟೀವಿ. ಭತ್ತಕ್ಕೆ ಹುಳ ಬಿದ್ದೈತೆ, ನಾಳೆಗೆ ಉಳಿಯಂಗಿಲ್ಲ.”

“ಅಣ್ಣ, ಬ್ಯಾಡ್ರಿ, ನನ್ನ ಮಾತು ಕೇಳ್ರಿ...” ಎನ್ನುತ್ತ ಧನುಶ್ರೀ ಬಾಗಿಲವರೆಗೆ ಓಡಿದಳು. ಆ ವೇಳೆಗೆ ಬೈಕು ಹೊರಟಾಗಿತ್ತು. ಹ್ಯಾಂಡಲ್ ಹಿಡಿದ ಕೆಂಚೇಶನ ಎಡಗೈಗೆ ಒಂದು ಕೈಗವಸು ಏರಿತ್ತು. ಹಿಂದೆ ಕೂತ ಉಡಚಮ್ಮನ ಬಲಗೈಗೆ ಇನ್ನೊಂದು.