ಯಕ್ಷಿಯ ತಲೆ

ಬ್ರಿಟಿಷರು ಕಟ್ಟಿದ ಆ ಊರಿನ ಹಳೆಯ ಬಂಗಲೆಗಳಲ್ಲಿ ಈಗ ಕಲಾವಿದರು ವಾಸವಾಗಿದ್ದರು. ಪ್ರವಾಸಿ ಎರಡು ದಿನ ಅವರ ಚಿತ್ರಗಳನ್ನು ನೋಡುತ್ತ ಕಳೆದು, ಮೂರನೆಯ ದಿನ ಮಧ್ಯಾಹ್ನ ಸಮೀಪದ ಹಾಳು ಬಸದಿಗೆ ಹೋದ. ಸುತ್ತ ಯಾರೂ ಕಾಣದಿದ್ದಾಗ ಚೀಲದಿಂದ ಸುತ್ತಿಗೆ ತೆಗೆದು ಅಲ್ಲಿದ್ದ ಯಕ್ಷಿಯ ಕಲ್ಲಿನ ಮೂರ್ತಿಯ ಕುತ್ತಿಗೆಗೆ ಬಾರಿಸಿದ. ತಲೆ ಕಳಚಿ ಬಿತ್ತು. ಅವನು ಅದನ್ನೆತ್ತಿ ಚೀಲಕ್ಕೆ ಹಾಕಿಕೊಳ್ಳತೊಡಗಿದ.

ಮುದಿ ಕಾವಲುಗಾರ ಓಡಿಬಂದು ಅವನ ತೋಳು ಹಿಡಿದ. "ಬ್ಯಾಡ್ರೀ ಸಾಹೇಬ್ರ, ಅದನ್ನ ಅಲ್ಲೇ ಬಿಡ್ರಿ!"

"ಸಾವಿರ ವರ್ಷದ ಶಿಲ್ಪ ಇದು. ಕೈ ಬಿಡು!"

"ನನ್ನ ಮಾತು ಒಂಚೂರು ಕೇಳ್ರಿ..."

ಪ್ರವಾಸಿ ಸುತ್ತಿಗೆ ಬೀಸಿದ. ಮುದುಕನ ಹಣೆ ಒಡೆಯಿತು. ಕುಸಿದು ಬಿದ್ದರೂ ಅವನು ಪ್ರವಾಸಿಯ ಕಾಲು ಬಿಡಲಿಲ್ಲ. ಇನ್ನೊಂದು ಏಟು ಬಿತ್ತು.

ರಕ್ತ ಉಗುಳುತ್ತ ಮುದುಕ ಹೇಳಿದ: "ಅಸಲಿ ಮೂರ್ತಿ ಮ್ಯೂಸಿಯಮ್ಮಿನಾಗ ಐತ್ರಿ. ಇದು ಹೋದ ವರ್ಷ ನಾನೇ ಕೆತ್ತಿದ್ದು."